ಖಯಾಮಿಯಾ ಬೀದಿಯಲ್ಲಿ 12 ನಿಮಿಷದ ಸಿನಿಮಾ

ಕೈರೋದಲ್ಲಿ ಓದುವಾಗ ನಮಗೆ ಕೊಟ್ಟ ಕೆಲಸ ಇಷ್ಟೇ: ಈಜಿಪ್ಟಿನ ಜನಜೀವನದ ಮೇಲೆ 12 ನಿಮಿಷದ ಸಾಕ್ಷ್ಯಚಿತ್ರ. ಪಿರಮಿಡ್ ಬೇಡ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ನಾನು ಆರಿಸಿಕೊಂಡದ್ದು ಖಯಾಮಿಯಾ ಬೀದಿ, ಬಣ್ಣದ ಬಟ್ಟೆ ತುಂಡುಗಳನ್ನು ಕ್ಯಾನ್ವಾಸಿನ ಮೇಲೆ ಕೈಯಲ್ಲೇ ಹೊಲಿಯುವವರ ಬೀದಿ. ಹಳೇ ಕೈರೋದ ಬಾಬ್ ಜುವೈಲಾ ಹೆಬ್ಬಾಗಿಲು ದಾಟಿದರೆ ಸಿಗುತ್ತದೆ, 17ನೇ ಶತಮಾನದ್ದು, ಮೇಲೆ ಮರದ ಚಾವಣಿ. ಒಂದು ಕಾಲದಲ್ಲಿ ಇಲ್ಲಿ ಡೇರೆ, ಶಾಮಿಯಾನ ಹೊಲಿಯುತ್ತಿದ್ದರು. ಈಗ ಗೋಡೆಗೆ ತೂಗುಹಾಕುವ ಬಟ್ಟೆ, ದಿಂಬಿನ ಕವರ್ ಜಾಸ್ತಿ.

ನಮ್ಮಜ್ಜಿ ಧಾರವಾಡದ ಕಡೆಯವರು. ಹಳೇ ಸೀರೆ ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದರು. ಹಾಗಾಗಿ ಸೂಜಿ ಹಿಡಿದು ಚಕ್ಕಳಮಕ್ಕಳ ಹಾಕಿ ಕೂತ ಗಂಡಸರನ್ನು ನೋಡಿದ ಕೂಡಲೇ ಕಾಲು ನಿಂತುಬಿಟ್ಟಿತು. ನಮ್ಮಲ್ಲಿ ಹೆಂಗಸರ ಕೈಯಲ್ಲಿರುವ ಕೆಲಸ, ಅಲ್ಲಿ ತಂದೆಯಿಂದ ಮಗನಿಗೆ ಬಂದದ್ದು.

ಮೊದಲ ಎರಡು ವಾರ ಕ್ಯಾಮೆರಾ ತೆಗೆಯಲೇ ಇಲ್ಲ. ಸುಮ್ನೆ ಹೋಗಿ ಕೂರುತ್ತಿದ್ದೆ, ಅವರು ಕೊಟ್ಟ ಸಿಹಿ ಚಹಾ ಕುಡಿಯುತ್ತಿದ್ದೆ. ತರಗತಿಯಲ್ಲಿ ಕಲಿತ ಅರಬ್ಬಿ ಅಲ್ಲಿ ನಡೆಯಲಿಲ್ಲ. ಪುಸ್ತಕದ ‘ಕಹ್ವಾ’ ಅವರ ಬಾಯಲ್ಲಿ ‘ಅಹ್ವಾ’, ‘ಜಮೀಲ್’ ಹೋಗಿ ‘ಗಮೀಲ್’. ಫೋನಿನಲ್ಲಿದ್ದ ಅಜ್ಜಿಯ ಕೌದಿ ಫೋಟೊ ತೋರಿಸಿದ ದಿನ, ಹಿರಿಯ ಕಸುಬುದಾರರೊಬ್ಬರು ಅದನ್ನು ದೊಡ್ಡದು ಮಾಡಿ ಹೊಲಿಗೆ ನೋಡಿದರು. ಅವರನ್ನು ಎಲ್ಲರೂ ‘ಉಸ್ತಾ’, ಅಂದರೆ ಪಳಗಿದ ಕಸುಬುದಾರ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. “ಯಾ ಬಿನ್ತಿ, ಇವರ ಕೈ ನಿಧಾನ, ಆದರೆ ದಾರಿ ತಪ್ಪಿಲ್ಲ” ಅಂದರು. ಬಿನ್ತಿ ಅಂದರೆ ಮಗಳೇ. ಅವತ್ತೇ ಚಿತ್ರೀಕರಣಕ್ಕೆ ಒಪ್ಪಿದರು.

ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. 2022ರ ನಿಯಮದ ಪ್ರಕಾರ ಸ್ವಂತಕ್ಕೆ ಬೀದಿಯ ಫೋಟೊ ತೆಗೆಯಲು ಅನುಮತಿ ಬೇಡ. ಜನರನ್ನು ತೆಗೆಯಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಕಾಲೇಜಿನ ಪತ್ರ ಸದಾ ನನ್ನ ಚೀಲದಲ್ಲಿರುತ್ತಿತ್ತು.

ನಿಜವಾದ ಕಷ್ಟ ಶಬ್ದದ್ದು. ಬೈಕುಗಳು, ಹಾರ್ನ್, ತಳ್ಳುಗಾಡಿಯವರ ಕೂಗು. ಆಮೇಲೆ ಅಜಾನ್. ಒಂದು ಮಸೀದಿಯಲ್ಲಿ ಶುರುವಾದರೆ ಹಿಂದೆಯೇ ಇನ್ನೊಂದು, ಮತ್ತೊಂದು. ಮಧ್ಯದಲ್ಲಿ ಕತ್ತರಿಸಿದರೆ ಮಾತು ಜೋಡಿಸಲು ಆಗುವುದೇ ಇಲ್ಲ. ಕಡೆಗೆ ದಿನವೂ ನಮಾಜಿನ ವೇಳೆ ನೋಡಿಕೊಂಡು, ಎರಡು ಅಜಾನ್‌ಗಳ ನಡುವೆ ಮಾತಾಡಿಸಿದೆ. ಅಂಗಡಿ ಬಾಯಿಗೆ ಅವರದೇ ದಪ್ಪ ಬಟ್ಟೆಗಳನ್ನು ಇಳಿಬಿಟ್ಟೆವು. ಹಿಂದೆ ಕ್ಯಾನ್ವಾಸ್ ಇರುವ ಬಟ್ಟೆ ಅದು, ಬೀದಿ ಗದ್ದಲವನ್ನು ಅರ್ಧ ನುಂಗಿತು. ಚಿಕ್ಕ ಮೈಕನ್ನು ಉಸ್ತಾರ ಕಾಲರಿಗೆ ಹಾಕದೆ ಮಂಡಿಯ ಹತ್ತಿರ ಇಟ್ಟೆ. ಆಗ ಕೇಳಿತು: ಕ್ಯಾನ್ವಾಸಿನಿಂದ ದಾರ ಎಳೆಯುವಾಗ ಬರುವ ಸಣ್ಣ ‘ಸರ್’. ಇಡೀ ಚಿತ್ರದಲ್ಲಿ ನನಗೆ ತುಂಬಾ ಪ್ರೀತಿಯ ಶಬ್ದ ಅದೇ. ಅದಕ್ಕಾಗಿಯೇ ನಿರೂಪಣೆಯನ್ನು ಪೂರ್ತಿ ತೆಗೆದುಹಾಕಿದೆ.

ಕೆಲಸ ನಡೆಯುವ ರೀತಿಯನ್ನು ಅವಸರ ಮಾಡದೆ ತೋರಿಸಿದೆ. ಕಾಗದ ಮಡಚಿ ಒಂದು ಭಾಗದಲ್ಲಿ ಮಾತ್ರ ಚಿತ್ರ ಬರೆಯುತ್ತಾರೆ. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಬಿಡಿಸಿ ಬಟ್ಟೆ ಮೇಲಿಟ್ಟು ಪುಡಿ ಉಜ್ಜಿದರೆ, ತೂತುಗಳಿಂದ ಇಳಿದು ಚುಕ್ಕಿಗಳ ರಂಗೋಲಿ ಏಳುತ್ತದೆ. ಆಮೇಲೆ ಬಣ್ಣದ ಬಟ್ಟೆ ಕತ್ತರಿಸಿ, ಅಂಚನ್ನು ಸೂಜಿ ತುದಿಯಿಂದಲೇ ಒಳಕ್ಕೆ ಮಡಚುತ್ತಾ ಹೊಲಿಗೆ. ಕೌದಿಯಲ್ಲಿ ಹೊಲಿಗೆ ಎದ್ದು ಕಾಣಬೇಕು. ಇಲ್ಲಿ ಕಾಣಲೇಬಾರದು.

ರಂಜಾನ್ ಬಂದಾಗ ನಗರದ ತುಂಬ ಇದೇ ವಿನ್ಯಾಸದ ಬಟ್ಟೆ ತೂಗಾಡುತ್ತಿತ್ತು, ಬಹುಪಾಲು ಮೆಷಿನ್ನಿನಲ್ಲಿ ಅಚ್ಚು ಹಾಕಿದ್ದು. ಅದನ್ನೂ ತೆಗೆದೆ. ಬೈಯಲಿಲ್ಲ. ಬಡವರ ಗಲ್ಲಿಗೂ ಹಬ್ಬದ ಬಣ್ಣ ಬೇಕು, ಅಲ್ವಾ? ಆದರೆ ಆ ದೃಶ್ಯದ ಕೆಳಗೆ ದಾರದ ಶಬ್ದವನ್ನೇ ಇಟ್ಟೆ.

ಮೊದಲ ಜೋಡಣೆಯನ್ನು ಲ್ಯಾಪ್‌ಟಾಪಿನಲ್ಲಿ ಅಂಗಡಿಯಲ್ಲೇ ತೋರಿಸಿದೆ. ಉಸ್ತಾ ಒಂದು ಕಡೆ ನಿಲ್ಲಿಸಲು ಹೇಳಿದರು. ಬೆರಳುಗಳ ಹತ್ತಿರದ ಶಾಟ್ ಅದು. “ಇದು ನನ್ನ ಹೊಲಿಗೆ ಅಲ್ಲ, ಕಲಿಯುವ ಹುಡುಗನದು. ಬೀದಿಯವರಿಗೆ ಗೊತ್ತಾಗುತ್ತದೆ” ಅಂದರು. ನಿಜವೇ ಆಗಿತ್ತು, ಎರಡು ದಿನದ ಚಿತ್ರೀಕರಣ ಬೆರೆತುಹೋಗಿತ್ತು. ಮಾರನೇ ದಿನ ಮತ್ತೆ ಹೋದೆ. ಅವರ ಕೈ ಬೇರೆ, ಹುಡುಗನ ಕೈ ಬೇರೆ ತೆಗೆದೆ. ಚಿತ್ರದ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ಇಬ್ಬರ ಹೆಸರನ್ನೂ ಬರೆದೆ.