ಮಳೆಯ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೈಕೊಟ್ಟರೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ‘ಮಳೆ ಹೋಯ್ತು’ ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ಆದರೆ 1933 ಬಿಟ್ಟರೆ ಪಕ್ಕದ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷವೂ ನಮ್ಮೂರಲ್ಲಿ ಬೈಸಿಕೊಂಡಿದ್ದು ಮಳೆಯೇ, ಈ ಸಲ ಹೆಚ್ಚಾಯ್ತು ಅಂತ.

ನನ್ನದು ಮಳೆಯನ್ನೇ ನಂಬಿದ ಖುಷ್ಕಿ ಜಮೀನು. ಬೆಳೆಯ ಲೆಕ್ಕದ ಪುಸ್ತಕದಲ್ಲಿ ಎಡಗಡೆ ಪುಟದಲ್ಲಿ ನನ್ನ ಕೈಯಲ್ಲಿ ಇಲ್ಲದ್ದು, ಬಲಗಡೆ ಪುಟದಲ್ಲಿ ನಾನು ಮಾಡಬೇಕಾದ್ದು ಬರೆಯುತ್ತೇನೆ. ಎಡಗಡೆ ಎರಡೇ ನಿಮಿಷದ ಕೆಲಸ: ಮಳೆ, ರೇಟು, ಕಾಡುಹಂದಿ. ಬಲಗಡೆ ಬರೆಯಲು ಕೂತರೆ ಮಾತ್ರ ಪುಟ ಸಾಲುವುದಿಲ್ಲ.

ಬೀಜದಿಂದ ಶುರು. ಬಿತ್ತನೆಗೆ ಇಟ್ಟ ಕಾಯಿಯನ್ನು ಮುಂಚೆಯೇ ಸುಲಿಸಿಡುವುದಿಲ್ಲ, ಸಿಪ್ಪೆಯೊಳಗೇ ಇದ್ದರೆ ಕಾಳಿನ ಜೀವ ಉಳಿಯುತ್ತದೆ. ಬಿತ್ತನೆ ಹತ್ತಿರ ಬಂದಾಗ ಸುಲಿದು, ಆರಿಸದೆ ಕೈಗೆ ಸಿಕ್ಕ 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು ಸುತ್ತಿಡುತ್ತೇನೆ. ದಿನಾ ಒಂದಿಷ್ಟು ನೀರು ಚಿಮುಕಿಸಿದರಾಯಿತು. ವಾರದೊಳಗೆ ಬಿಚ್ಚಿದರೆ ಬೀಜದ ಬಂಡವಾಳ ಗೊತ್ತಾಗುತ್ತದೆ. ಒಳ್ಳೆಯ ಕಾಳು ಬಿಳೀ ದಪ್ಪ ಬೇರು ಬಿಟ್ಟಿರುತ್ತದೆ, ಕೆಟ್ಟದ್ದು ಕಪ್ಪು ಬೂಷ್ಟು ಹಿಡಿದು ಬೆರಳಿಗೆ ಅಂಟುತ್ತದೆ. ಪ್ರಮಾಣಿತ ಬೀಜ ಅನ್ನಿಸಿಕೊಳ್ಳಲು ನೂರಕ್ಕೆ 70 ಆದರೂ ಮೊಳೆಯಬೇಕು. ಅದಕ್ಕಿಂತ ಕೆಳಗೆ ಬಂದರೆ ಆ ಕಾಳು ಗಾಣಕ್ಕೆ ಹೋಗುತ್ತದೆ, ಹೊಲಕ್ಕಲ್ಲ. ಆ ಕಪ್ಪು ಬೂಷ್ಟೇ ಮುಂದೆ ಎಳೇ ಸಸಿಯ ಬುಡ ಕೊಳೆಸುವುದು. ಅದಕ್ಕೇ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಸವರಿ, ನೆರಳಲ್ಲಿ ಆರಿಸಿ ಬಿತ್ತುತ್ತೇನೆ. ಖರ್ಚು ಅಂಥದ್ದೇನಿಲ್ಲ, ಬೇಸರ ಪಡಬಾರದು ಅಷ್ಟೆ.

ಚಿಕ್ಕಪ್ಪ ಒಂದು ಸಲ ಗೋಣಿತಟ್ಟು ನೋಡಿ ನಕ್ಕರು. “ಏನ್ಲಾ ಇದು, ಹುಡುಗ್ರಾಟ? ಭೂಮ್ತಾಯಿ ಮೇಲೆ ನಂಬಿಕೆ ಇಲ್ವಾ ನಿಂಗೆ?”

“ತಾಯಿ ಮೇಲೈತೆ ಚಿಕ್ಕಪ್ಪ, ಬೀಜದ ಮೇಲೆ ಇಲ್ಲ.”

ಅವರ ಹೊಲ, ನನ್ನ ಹೊಲ ನಡುವೆ ಇರುವುದು ಒಂದು ಬದು. ಬೀಳುವ ಮಳೆ ಒಂದೇ, ಕೆಂಪು ಮರಳು ಮಣ್ಣೂ ಒಂದೇ. ಅವರ ಹೊಲದಲ್ಲಿ ಗಿಡ ಎಷ್ಟೋ ಸಲ ನನ್ನದಕ್ಕಿಂತ ಹಸಿರಾಗಿ ನಿಂತಿರುತ್ತದೆ. ಕಿತ್ತು ಅಲ್ಲಾಡಿಸಿದರೆ ಅರ್ಧ ಜೊಳ್ಳು. ಶೇಂಗಾ ಕಾಯಿಗೆ ಬೇಕಾದ ಸುಣ್ಣದಂಶ ಬೇರಿನಿಂದ ಹೋಗಿ ಸೇರುವುದಿಲ್ಲ, ಕಾಯಿಯೇ ತನ್ನ ಸುತ್ತಲಿನ ಮಣ್ಣಿನಿಂದ ನೇರ ಎಳೆದುಕೊಳ್ಳಬೇಕು. ಆದ್ದರಿಂದ ಬಿತ್ತಿದ ಸುಮಾರು 40 ದಿನಕ್ಕೆ, ಹೂವಿನ ಸೂಜಿ, ಅಂದರೆ ತುದಿಯಲ್ಲಿ ಕಾಯಿ ಕಟ್ಟುವ ದೇಟು, ಮಣ್ಣಿಗೆ ಇಳಿಯುವ ಹೊತ್ತಿಗೆ, ಸುಣ್ಣದಂಶ ಇರುವ ಜಿಪ್ಸಂ ಎಕರೆಗೆ 200 ಕೆ.ಜಿ. ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸಬೇಕು. ಅದಾದ ಮೇಲೆ ಕಳೆ ತೆಗೆಯುವ ಎಡೆಕುಂಟೆ ಆ ಹೊಲಕ್ಕೆ ಕಾಲಿಡಬಾರದು, ಇಳಿದ ಸೂಜಿ ಕಿತ್ತು ಬರುತ್ತದೆ. ಚಿಕ್ಕಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ, ಮಾಡುತ್ತಿರಲಿಲ್ಲ ಅಷ್ಟೆ. ಜೊಳ್ಳಾದಾಗ ಮಾತ್ರ ಅವರು ಹೇಳುವುದು ‘ಪುಷ್ಯ ಮಳೆ ಕೈಕೊಟ್ಟಿತು’ ಅಂತಲೇ. ಹಾಗೆ ಅಂದುಬಿಟ್ಟರೆ ಮನಸ್ಸಿಗೆ ಹಗುರ, ಮುಂದಿನ ವರ್ಷ ಬದಲಾಯಿಸಬೇಕಾದ್ದೂ ಏನಿಲ್ಲ. ಮಳೆಗೆ ಬೈಯುವುದರಲ್ಲಿ ನನಗೆ ಕಾಣುವ ಅಪಾಯ ಅದೇ.

ಹಾಗಂತ ‘ಸೋತರೆ ನಿನ್ನದೇ ತಪ್ಪು, ಗೆದ್ದರೆ ನಿನ್ನದೇ ಶ್ರಮ’ ಎಂದು ವೇದಿಕೆ ಮೇಲೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಚಳ್ಳಕೆರೆಯನ್ನು ಎಣ್ಣೆ ನಗರಿ ಅನ್ನುತ್ತಿದ್ದರು. 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದು ಸಡಿಲವಾಯಿತು, ಅಗ್ಗದ ಎಣ್ಣೆ ಬಂದು ಕುಳಿತಿತು, ಇಲ್ಲಿನ ಎಷ್ಟೋ ಮಿಲ್ಲುಗಳ ಬಾಗಿಲು ಮುಚ್ಚಿದವು. ಅದಕ್ಕೆ ಇಲ್ಲಿನ ಯಾವ ರೈತನ ಸೋಮಾರಿತನವೂ ಕಾರಣವಲ್ಲ. ಬರದಲ್ಲಿ ಸಾಲ ತೀರಿಸಲಾಗದೆ ಕುಗ್ಗಿ ಕುಳಿತವನ ಮುಂದೆ ‘ಮನೋಭಾವ ಬದಲಾಯಿಸಿಕೋ’ ಅನ್ನುವುದು ಕ್ರೌರ್ಯ. ಎಡಗಡೆ ಪುಟ ಅಂತ ಒಂದು ಇಟ್ಟುಕೊಂಡಿರುವುದೇ ಈ ಕಾರಣಕ್ಕೆ. ಅಲ್ಲಿ ಬರೆದದ್ದಕ್ಕೆ ನನ್ನನ್ನು ನಾನು ಹಳಿದುಕೊಳ್ಳುವುದಿಲ್ಲ.

ಆದರೆ ಎಡಗಡೆಯದಕ್ಕೂ ಒಂದಿಷ್ಟು ತಯಾರಿ ಬಲಗಡೆಯಿಂದಲೇ ಆಗಬೇಕು. ಶೇಂಗಾ ನಡುವೆ ತೊಗರಿ ಅಕ್ಕಡಿ ಸಾಲು ಬಿಡದೆ ಹಾಕುತ್ತೇನೆ; ಮಳೆ ನಡುವೆ ನಿಂತರೂ ತೊಗರಿ ತಾಳಿಕೊಳ್ಳುತ್ತದೆ. 2016ರಲ್ಲಿ ಬಂದ ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಮುಂಗಾರು ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇ 2. ಪರಿಹಾರ ಬರುವುದು ಪಂಚಾಯ್ತಿ ಮಟ್ಟದ ಬೆಳೆ ಕಟಾವು ಲೆಕ್ಕದ ಮೇಲೆ, ಹಾಗಾಗಿ ನನ್ನೊಬ್ಬನ ಹೊಲ ಒಣಗಿದರೆ ಕೈಗೆ ಏನೂ ಬಾರದಿರಬಹುದು. ಆ ತಕರಾರು ನನ್ನದೂ ಹೌದು. ತಕರಾರು ಇಟ್ಟುಕೊಂಡೇ ಕಂತು ಕಟ್ಟಿ ರಸೀದಿ ತೆಗೆದಿಡುತ್ತೇನೆ.

ಹೋದ ವರ್ಷ ಸೂಜಿ ಇಳಿಯುವ ಹೊತ್ತಿಗೇ ಮಳೆ ಮಾಯವಾಯಿತು. ಬಲಗಡೆ ಪುಟದ ಎಲ್ಲ ಕೆಲಸಕ್ಕೂ ಗುರುತು ಬಿದ್ದಿತ್ತು, ಆದರೂ ಅಸಲು ಹುಟ್ಟಲಿಲ್ಲ. ತೊಗರಿ ಮನೆ ಬೇಳೆಗಾಯಿತು, ಬಳ್ಳಿ ದನಕ್ಕಾಯಿತು. ಬದುವಿನಾಚೆ ಇನ್ನೂ ಕಡಿಮೆ ಬಂತು. ಎರಡು ಚೀಲದ ವ್ಯತ್ಯಾಸ ಏನು ಮಹಾ ಅಂತ ನೀವು ಕೇಳಬಹುದು; ಬೀಜಕ್ಕೆ ಮತ್ತೆ ಸಾಲ ಮಾಡದೆ ಉಳಿದದ್ದು ಆ ವ್ಯತ್ಯಾಸದಲ್ಲೇ.

ಈ ಮುಂಗಾರಿಗೆ ಚಿಕ್ಕಪ್ಪ ಜಿಪ್ಸಂ ತರಿಸಿ ಇಳಿಸಿದ್ದಾರೆ. ಗೋಣಿತಟ್ಟಿನ ಆಟಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.