ಸ್ಟೇಜ್ ಹಿಪ್ನಾಟಿಸಂ: ಆರಿಸೋದೇ ಅಸಲಿ ಕೆಲಸ

"ನಿಮ್ಮ ಕಣ್ಣು ನೋಡಿದ್ರೆ ವಶ ಆಗ್ಬಿಡ್ತೀವಾ ಸಾರ್?" ಗುಬ್ಬಿ, ತಿಪಟೂರು, ಶಿರಾ, ಎಲ್ಲಿ ಷೋ ಕೊಟ್ಟರೂ ಈ ಪ್ರಶ್ನೆ ತಪ್ಪಿದ್ದಲ್ಲ. ನನ್ನ ಕಣ್ಣಲ್ಲಿ ಏನೂ ಇಲ್ಲ. ಯಾರನ್ನು ಕುರ್ಚಿಯಲ್ಲಿ ಕೂರಿಸ್ತೀನಿ ಅನ್ನೋದರಲ್ಲೇ ಎಲ್ಲ ಇದೆ.

ಮೊದಲು ಇಡೀ ಸಭೆಗೆ ಒಂದು ಆಟ. ಎರಡೂ ಕೈ ಬೆರಳು ಹೆಣೆದು, ತೋರುಬೆರಳು ಮಾತ್ರ ನೆಟ್ಟಗೆ ಎತ್ತಿ, ನಡುವೆ ಒಂದಿಂಚು ಜಾಗ ಬಿಡಿ. ಆ ಜಾಗವನ್ನೇ ನೋಡ್ತಾ ಇರಿ. ಬೆರಳು ಹತ್ತಿರ ಬರ್ತಿದೆ, ಇನ್ನೂ ಹತ್ತಿರ... ಹಾಗೆ ಹಿಡಿದ ಬೆರಳು ನಾನು ಹೇಳದಿದ್ದರೂ ತಾನಾಗೇ ಕೂಡುತ್ತೆ, ಸ್ನಾಯುಗಳ ಗುಣವೇ ಅದು. ಹೆಸರು ಮಾತ್ರ ನನಗೆ! ಆದರೆ ನಾನು ನೋಡೋದು ಮುಖ. ಪಕ್ಕದವನನ್ನು ನೋಡಿ ನಗೋನು ಬೇಡ. ಟಪ್ ಅಂತ ಬೆರಳು ಕೂಡಿಸೋನು ನಾಟಕ ಆಡ್ತಿರಬಹುದು. ಬೆರಳು ತಡೆದು ತಡೆದು ಸರಿಯುತ್ತಾ, ರೆಪ್ಪೆ ನಿಧಾನ ಆಗ್ತಾ, ಮುಖ ಸಡಿಲ ಆದರೆ ಅವರೇ ನನಗೆ ಬೇಕಾದವರು.

ಆಮೇಲೆ ಹುಳಿಯ ಪರೀಕ್ಷೆ. ಬೇರೆ ಹಿಪ್ನಾಟಿಸ್ಟ್‌ಗಳೆಲ್ಲ ನಿಂಬೆಹಣ್ಣು ನೆನೆಸಿಕೊಳ್ಳಿ ಅಂತಾರೆ. ನಮ್ಮ ಕಡೆ ಹುಣಸೆಕಾಯಿಗೆ ಉಪ್ಪು-ಖಾರ ಹಚ್ಚಿ ಕಚ್ಚಿದ ಹಾಗೆ ನೆನೆಸಿಕೊಳ್ಳಿ ಅಂದರೆ ಸಾಕು, ಮುಂದಿನ ಸಾಲಲ್ಲಿ ಗಂಟಲು ಮೇಲೆ ಕೆಳಗೆ ಆಡೋದು ಕಾಣುತ್ತೆ.

ಹೀಗೆ ಆರಿಸಿದವರಲ್ಲೂ ಕೆಲವರನ್ನು ಭುಜ ತಟ್ಟಿ ವಾಪಸ್ ಕಳಿಸ್ತೀನಿ. ಉಳಿದವರಿಗೆ ಉಸಿರಾಟ, ಭಾರವಾದ ರೆಪ್ಪೆ, ಅಂಕಿ ಎಣಿಕೆ. ನೋಡೋರಿಗೆ ನಿದ್ದೆ ಅನ್ನಿಸುತ್ತೆ, ಆದರೆ ಅವರಿಗೆ ಎಲ್ಲ ಕೇಳಿಸ್ತಿರುತ್ತೆ. ಕಾಲೇಜ್ ಡೇಯಲ್ಲಿ ಪೊರಕೆಯನ್ನೇ ಗಿಟಾರ್ ಮಾಡ್ಕೊಂಡು ಕುಣಿದ ಹುಡುಗನೊಬ್ಬ ಆಮೇಲೆ ಹೇಳಿದ, "ಎಲ್ಲ ಗೊತ್ತಾಗ್ತಿತ್ತು ಸಾರ್. ಬೇಡ ಅಂತ ಮಾತ್ರ ಅನ್ನಿಸ್ಲಿಲ್ಲ." ಇದು ಮನಸ್ಸಿನ ಬೇರೆಯದೇ ಸ್ಥಿತಿಯಾ, ಇಲ್ಲ ನಂಬಿಕೆ ಮತ್ತು ಸ್ಟೇಜಿನ ಹುಮ್ಮಸ್ಸಾ ಅಂತ ವಿಜ್ಞಾನಿಗಳು ಇವತ್ತಿಗೂ ಜಗಳ ಆಡ್ತಾರೆ. ನನ್ನ ಮಟ್ಟಿಗೆ ಗೋವಾದ ಪಾದ್ರಿ ಅಬ್ಬೆ ಫರಿಯಾ ಹೇಳಿದ್ದೇ ಸರಿ. 1813ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಕೊಡ್ತಾ, ಶಕ್ತಿ ಮಾಡಿಸೋನದ್ದಲ್ಲ, ಕೂತವನದ್ದೇ ಅಂತ ವಾದಿಸಿದವರು ಅವರು. ಪಣಜಿಗೆ ಹೋದರೆ ಅವರ ಪ್ರತಿಮೆ ನೋಡಿ ಬನ್ನಿ.

ಗಣೇಶನ ಪೆಂಡಾಲಿನಲ್ಲಿ ಕಷ್ಟ ಜಾಸ್ತಿ. ಜನ ಬರ್ತಾರೆ, ಹೋಗ್ತಾರೆ, ಪಕ್ಕದಲ್ಲೇ ಜನರೇಟರ್ ಗಲಾಟೆ. ಅದಕ್ಕಿಂತ ತಲೆನೋವು ಕಮಿಟಿಯವರದ್ದು: "ಒಬ್ಬರ ಮೈಮೇಲೆ ದೇವರು ಬರಿಸಿ ಸಾರ್, ಮಜಾ ಇರುತ್ತೆ." ಅದು ಮಾತ್ರ ಮಾಡಲ್ಲ. ಎರಡು ಕುರ್ಚಿ ಮಧ್ಯೆ ಒಬ್ಬರನ್ನು ಹಲಗೆ ಥರ ಮಲಗಿಸಿ ಮೇಲೆ ಹತ್ತೋದೂ ಇಲ್ಲ. ಬೆನ್ನು ಹೋದರೆ ಯಾರು ಹೊಣೆ? ಚಿಕ್ಕ ಮಕ್ಕಳು, ಫಿಟ್ಸ್ ಇರೋರು, ಕುಡಿದು ಬಂದೋರು ಸ್ಟೇಜ್ ಹತ್ತೋ ಹಾಗಿಲ್ಲ. ಬ್ರಿಟನ್ನಿನಲ್ಲಿ 1952ರಲ್ಲೇ ಇಂಥ ಷೋಗಳಿಗೆ ಕಾಯ್ದೆ ಬಂತು. ನನಗೆ ಅದು ಅತಿ ಅನ್ನಿಸಲ್ಲ.

ಕೊನೆಗೆ ಕೊಟ್ಟ ಸೂಚನೆಗಳನ್ನೆಲ್ಲ ಒಂದೊಂದಾಗಿ ವಾಪಸ್ ತಗೋಬೇಕು. ಕುರ್ಚಿ ಸುಡ್ತಿದೆ ಅಂದಿದ್ದರೆ ತಣ್ಣಗಿದೆ ಅನ್ನಬೇಕು, ಹೆಸರು ಮರೆಸಿದ್ದರೆ ಅವರ ಬಾಯಲ್ಲೇ ಹೇಳಿಸಬೇಕು. ಆಮೇಲೆ ನಿಧಾನವಾಗಿ ಎಣಿಸಿ ಕಣ್ಣು ತೆರೆಸ್ತೀನಿ. ಬೈಕಲ್ಲಿ ಬಂದವರನ್ನು ಟೀ ಕುಡಿಸದೆ ಬಿಡಲ್ಲ.