ಕಾರ್ಡ್ ಸಾಲಕ್ಕೆ ಪಿಗ್ಮಿ ಕಟ್ಟಿದ ಲೆಕ್ಕ

ಕ್ರೆಡಿಟ್ ಕಾರ್ಡ್ ಬಿಲ್ ಬಂದ ಕೂಡಲೇ ಕಣ್ಣು ಹೋಗುವುದು ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತದ ಕಡೆಗೆ. ಅದೊಂದು ಕಟ್ಟಿಬಿಟ್ಟರೆ ಈ ತಿಂಗಳು ಪಾರು ಅಂತ ಅನಿಸುತ್ತದೆ, ಅಲ್ವಾ? ನಾನು ಒಂದು ಭಾನುವಾರ ಕೂತು ಆ ಲೆಕ್ಕ ಬಿಡಿಸಿ ಬರೆದೆ. ಉಳಿದದ್ದೆಲ್ಲ ಅಲ್ಲಿಂದಲೇ ಶುರುವಾದದ್ದು.

ನನ್ನ ಹತ್ತಿರ ಎರಡು ಕಾರ್ಡ್ ಇತ್ತು. ದೊಡ್ಡದರಲ್ಲಿ ಬಾಕಿ 1,20,000 ರೂಪಾಯಿ, ಸಣ್ಣದರಲ್ಲಿ 28,000. ಯಾವುದೋ ಒಂದು ದೊಡ್ಡ ಖರ್ಚಿನಿಂದ ಆದದ್ದಲ್ಲ. ತಂಗಿಯ ಮದುವೆಯ ಸೀರೆ, ಎಸಿ, ಸುರತ್ಕಲ್‌ನಿಂದ ಬೈಕಂಪಾಡಿಗೆ ದಿನಾ ಓಡಾಡುವ ಪೆಟ್ರೋಲ್, ರಾತ್ರಿ ಆರ್ಡರ್ ಮಾಡಿದ ಊಟ, ಹೀಗೆ ಗುಡ್ಡೆ ಬಿದ್ದದ್ದು. ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ಕೇಳಲಿಕ್ಕೆ ಸಣ್ಣದು, ವರ್ಷಕ್ಕೆ ಹಾಕಿದರೆ 42. ದೊಡ್ಡ ಕಾರ್ಡಿಗೆ ತಿಂಗಳ ಬಡ್ಡಿ 4,200. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 756. ಒಟ್ಟು 4,956. ಅವರು ಕೇಳುತ್ತಿದ್ದ ಮಿನಿಮಮ್ ಡ್ಯೂ ಬಾಕಿಯ 5 ಪರ್ಸೆಂಟ್, ಅಂದರೆ ಹೆಚ್ಚುಕಡಿಮೆ 6,000. ಆರು ಸಾವಿರ ಕಟ್ಟಿದರೆ ಅಸಲು ಇಳಿಯುವುದು ಸಾವಿರ ಚಿಲ್ಲರೆ ಮಾತ್ರ. ಅದೂ ಕಾರ್ಡನ್ನು ಮತ್ತೆ ಎಲ್ಲಿಯೂ ಉಜ್ಜದಿದ್ದರೆ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂದು ಬಿಲ್‌ನಲ್ಲೇ ಎಚ್ಚರಿಕೆ ಇರುತ್ತದೆ, ರಿಸರ್ವ್ ಬ್ಯಾಂಕ್ ನಿಯಮದಂತೆ ಅದನ್ನು ಹಾಕಲೇಬೇಕು. ಯಾರು ಓದುತ್ತಾರೆ ಹೇಳಿ.

ಆಮೇಲೆ ಇನ್ನೊಂದು ಭಾಗಾಕಾರ ಮಾಡಿದೆ. ಕಾರ್ಡಿನ ಬಡ್ಡಿ ಬಿಲ್ ತಿಂಗಳಿಗೊಮ್ಮೆ ಬಂದರೂ ಲೆಕ್ಕ ಹಾಕುವುದು ದಿನದ ಬಾಕಿಯ ಮೇಲೆ. 1,20,000ಕ್ಕೆ ದಿನಕ್ಕೆ 138 ರೂಪಾಯಿ, ಜಿಎಸ್‌ಟಿ ಸೇರಿ 163. ಆ ಸಂಖ್ಯೆ ನೋಡಿದಾಗ ನೆನಪಾದದ್ದು ನಮ್ಮ ಪಿಗ್ಮಿಯವರು. ದಿನಾ ಸಂಜೆ ಸೊಸೈಟಿಯಿಂದ ಮನೆಗೆ ಬಂದು 200 ರೂಪಾಯಿ ತೆಗೆದುಕೊಂಡು, ಪುಟ್ಟ ಮೆಷಿನ್‌ನಲ್ಲಿ ರಸೀದಿ ಹರಿದು ಕೊಟ್ಟು ಹೋಗುತ್ತಾರೆ. ಅಂದರೆ ಒಂದು ಕಡೆ ನಾನು ದಿನಕ್ಕೆ 200 ಉಳಿಸುತ್ತಿದ್ದೆ, ಇನ್ನೊಂದು ಕಡೆ ಮಲಗಿದ್ದರೂ ಎದ್ದಿದ್ದರೂ 163 ಹೋಗುತ್ತಿತ್ತು. ಪಿಗ್ಮಿಗೆ ಸಿಗುವ ಬಡ್ಡಿ 4 ಪರ್ಸೆಂಟ್. ಕಾರ್ಡಿಗೆ ಕೊಡುವುದು 42. ಎಂತ ಉಳಿತಾಯ ಮಾರಾಯ್ರೆ ಇದು!

ಪಿಗ್ಮಿ ಅಂದರೆ ನಮ್ಮ ಕಡೆಯವರಿಗೆ ವಿವರಿಸುವುದು ಬೇಡ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ತಂದ ಕ್ರಮ ಅದು. ಆಗ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಉಳಿಸುತ್ತೇನೆ ಎಂದರೆ ಯಾರ ಕೈಯಲ್ಲೂ ಎಂತದೂ ಉಳಿಯುವುದಿಲ್ಲ, ದಿನಾ ಕೈಯಿಂದ ತೆಗೆದುಕೊಂಡು ಹೋದರೆ ಮಾತ್ರ ಉಳಿಯುತ್ತದೆ ಎನ್ನುವ ಲೆಕ್ಕಾಚಾರ. ಉಳಿತಾಯಕ್ಕೆ ಸರಿ ಬರುವ ಈ ಕ್ರಮ ಸಾಲ ತೀರಿಸಲಿಕ್ಕೂ ಸರಿ ಬರಬೇಕು ಅಂತ ನನಗೆ ಅನಿಸಿತು.

ಮೊದಲು ಪಿಗ್ಮಿ ಖಾತೆ ಮುರಿಸಿದೆ. ಅವಧಿಗೆ ಮುಂಚೆ ತೆಗೆದದ್ದಕ್ಕೆ ಬಡ್ಡಿ ಕೊಡಲಿಲ್ಲ, ಪರವಾಗಿಲ್ಲ. 31,000 ಬಂತು. ಅದರಲ್ಲಿ ಸಣ್ಣ ಕಾರ್ಡನ್ನು ಪೂರ್ತಿ ತೀರಿಸಿದೆ. ದೊಡ್ಡ ಸಾಲಕ್ಕೇ ಹಾಕಬೇಕಿತ್ತು ಎಂದು ಕೆಲವರು ಹೇಳಿದರು. ಆದರೆ ಎರಡಕ್ಕೂ ಬಡ್ಡಿ ಒಂದೇ ಇರುವಾಗ ಒಂದನ್ನು ಸೊನ್ನೆ ಮಾಡುವುದರಲ್ಲಿ ಲಾಭ ಉಂಟು. ಬಿಲ್ ಪೂರ್ತಿ ಕಟ್ಟದೆ ಬಾಕಿ ಇಟ್ಟ ಕಾರ್ಡಿನಲ್ಲಿ ಬಡ್ಡಿ ಇಲ್ಲದ ಆ ನಲವತ್ತೈದು, ಐವತ್ತು ದಿನಗಳ ಸೌಲಭ್ಯ ಹೋಗಿಬಿಡುತ್ತದೆ. ಇವತ್ತು ಹೊಸದಾಗಿ ಏನು ತೆಗೆದುಕೊಂಡರೂ ಇವತ್ತಿನಿಂದಲೇ ಬಡ್ಡಿ. ಆ ಸಣ್ಣ ಕಾರ್ಡ್ ರುಪೇ ಕಾರ್ಡು, ಯುಪಿಐಗೆ ಜೋಡಿಸಿದ್ದೆ. ಹಾಗಾಗಿ ಆಫೀಸಿನ ಎದುರಿನ ಹೋಟೆಲಿನಲ್ಲಿ ಸ್ಕ್ಯಾನ್ ಮಾಡಿ ತಿಂದ ಗೋಳಿಬಜೆ ಮತ್ತು ಚಾಕ್ಕೂ ನಾನು 42 ಪರ್ಸೆಂಟ್ ಬಡ್ಡಿ ಕಟ್ಟುತ್ತಿದ್ದೆ. ನೋಟು ಕೊಡುವಾಗ ಕೈಗೆ ಗೊತ್ತಾಗುತ್ತದೆ, ಸ್ಕ್ಯಾನ್ ಮಾಡುವಾಗ ಗೊತ್ತಾಗುವುದಿಲ್ಲ. ಉಳಿದ 3,000 ದೊಡ್ಡ ಕಾರ್ಡಿಗೆ ಹೋಯಿತು.

ದೊಡ್ಡ ಕಾರ್ಡಿನ ಬ್ಯಾಂಕಿನವರು ಬಾಕಿಯನ್ನು ಇಎಂಐ ಮಾಡಿಕೊಡುತ್ತೇವೆ ಎಂದು ಫೋನ್ ಮೇಲೆ ಫೋನ್ ಮಾಡಿದರು. 16 ಪರ್ಸೆಂಟ್, ಮೇಲೆ ಪ್ರೊಸೆಸಿಂಗ್ ಫೀ, ಬಡ್ಡಿಗೆ ಜಿಎಸ್‌ಟಿ. 42ಕ್ಕಿಂತ ಖಂಡಿತ ಒಳ್ಳೆಯದು. ಬೇರೆ ದಾರಿ ಇಲ್ಲದವರು ಅದನ್ನೇ ಮಾಡಲಿ. ನನಗೆ ಬೇರೆ ದಾರಿ ಇತ್ತು, ಚಿನ್ನ. ಕರಾವಳಿಯಲ್ಲಿ ಚಿನ್ನ ಅಡವಿಡುವುದು ನಾಚಿಕೆಯ ವಿಷಯ ಏನಲ್ಲ, ಶಾಲೆ ಶುರುವಾಗುವ ಹೊತ್ತಿಗೆ ಸೊಸೈಟಿಯಲ್ಲಿ ಹೋಗಿ ನೋಡಿ, ಎಲ್ಲ ಪರಿಚಯದವರೇ. ಮನೆಯಲ್ಲಿ ಹೆಂಡತಿಯನ್ನು ಕೇಳಿದೆ. "ಕರಿಮಣಿ ಒಂದು ಬಿಟ್ಟು ಬೇರೆ ಯಾವುದನ್ನಾದರೂ ಕೊಂಡುಹೋಗಿ, ಆದರೆ ಆ ಕಾರ್ಡು ಮೊದಲು ನನ್ನ ಕೈಗೆ ಕೊಡಿ" ಎಂದಳು. ಕೊಟ್ಟೆ. ಒಂದು ಸರಕ್ಕೆ 80,000 ಸಿಕ್ಕಿತು, ವರ್ಷಕ್ಕೆ 10.5 ಪರ್ಸೆಂಟ್. ಅದೇ 80,000ಕ್ಕೆ ಕಾರ್ಡಿನಲ್ಲಿ ತಿಂಗಳಿಗೆ 2,800 ಬಡ್ಡಿ, 504 ಜಿಎಸ್‌ಟಿ. ಸೊಸೈಟಿಯಲ್ಲಿ 700. ಚಿನ್ನದ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡಿನ ಬಡ್ಡಿಗೆ ಮಾತ್ರ ಉಂಟು.

ಅವಳು ಹೇಳಿದ ಕ್ರಮವೇ ಸರಿ, ಕಾರ್ಡ್ ಮೊದಲು, ಚಿನ್ನ ಆಮೇಲೆ. ಕಾರ್ಡನ್ನು ಬಂದ್ ಮಾಡದೆ ಚಿನ್ನ ಇಟ್ಟು ಬಾಕಿ ತೀರಿಸಿದವರನ್ನು ನೋಡಿದ್ದೇನೆ. ಆರು ತಿಂಗಳಿಗೆ ಕಾರ್ಡಿನಲ್ಲೂ ಸಾಲ, ಸೊಸೈಟಿಯಲ್ಲೂ ಸಾಲ. ಕಾರ್ಡ್ ಕಪಾಟಿನಲ್ಲಿಟ್ಟರೆ ಸಾಕಾಗುವುದಿಲ್ಲ, ಅದರ ನಂಬರು ಎಲ್ಲ ಕಡೆ ಕೂತಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ಅಂಗಡಿ, ವಿದೇಶ, ಹೀಗೆ ಬೇರೆ ಬೇರೆಯಾಗಿ ಬಂದ್ ಮಾಡುವ ಸ್ವಿಚ್ ಉಂಟು, 2020ರಿಂದ ಎಲ್ಲ ಬ್ಯಾಂಕಿನವರೂ ಕೊಡಲೇಬೇಕು. ಎಲ್ಲ ಬಂದ್ ಮಾಡಿದೆ. ಊಟ ತರಿಸುವ, ಬಟ್ಟೆ ತರಿಸುವ ಆ್ಯಪ್‌ಗಳಲ್ಲಿ ಸೇವ್ ಆಗಿದ್ದ ಕಾರ್ಡನ್ನೂ ತೆಗೆದೆ. ಪ್ರತಿ ಸಲ ಹದಿನಾರು ಅಂಕಿ ಒತ್ತಬೇಕು ಅಂದರೆ ಅರ್ಧ ಆರ್ಡರ್ ಅಲ್ಲಿಯೇ ಬಿದ್ದುಹೋಗುತ್ತದೆ. ಯುಪಿಐನಿಂದ ರುಪೇ ಕಾರ್ಡನ್ನೂ ಬಿಡಿಸಿದೆ.

ದೊಡ್ಡ ಕಾರ್ಡಿನಲ್ಲಿ ಉಳಿದದ್ದು 37,000. ಇದಕ್ಕೆ ಪಿಗ್ಮಿ ಕ್ರಮ. ದಿನಾ ಸಂಜೆ, ಮೊದಲು ಪಿಗ್ಮಿಯವರು ಬರುತ್ತಿದ್ದ ಹೊತ್ತಿಗೇ, ಫೋನಿನಿಂದ 300 ರೂಪಾಯಿ ಕಾರ್ಡಿಗೆ. ದಿನದ ಬಾಕಿಯ ಮೇಲೆ ಬಡ್ಡಿ ಆದ್ದರಿಂದ ಇವತ್ತು ಕಟ್ಟಿದ 300ಕ್ಕೆ ಬಡ್ಡಿ ಓಡುವುದು ಇವತ್ತಿಗೇ ನಿಲ್ಲುತ್ತದೆ. ಇದರಿಂದ ಉಳಿಯುವುದು ಬಹಳ ಏನಲ್ಲ. ತಿಂಗಳ ಕೊನೆಗೆ ಒಟ್ಟಿಗೆ 9,000 ಕಟ್ಟುವುದಕ್ಕೂ ದಿನಾ 300 ಕಟ್ಟುವುದಕ್ಕೂ ಬಡ್ಡಿಯಲ್ಲಿ ಸುಮಾರು 150 ರೂಪಾಯಿ ವ್ಯತ್ಯಾಸ. ನಿಜವಾದ ಲಾಭ ಬೇರೆ. ಆ 9,000 ತಿಂಗಳಿಡೀ ಖಾತೆಯಲ್ಲಿ ಕೂತಿದ್ದರೆ ಕೊನೆಗೆ 9,000 ಇರುವುದೇ ಇಲ್ಲ. ಒಂದು ಎಚ್ಚರಿಕೆ, ಬಿಲ್ ಬಂದ ಮೇಲೆ ಕೊನೆಯ ದಿನದೊಳಗೆ ಕಟ್ಟಿದ್ದು ಮಾತ್ರ ಆ ಬಿಲ್‌ನ ಮಿನಿಮಮ್‌ಗೆ ಸೇರುತ್ತದೆ. ಬಿಲ್‌ಗೆ ಮುಂಚೆ ಕಟ್ಟಿದ್ದು ಬಾಕಿ ಇಳಿಸುತ್ತದೆ, ಅಷ್ಟೇ.

ನನಗೆ ಅನುಕೂಲವಾದದ್ದು ಶುರು ಮಾಡಿದ ಸಮಯ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳಿಗೆ ರಜೆ, ಅಂಜಲ್ ಮೀನಿನ ಕಡೆ ನೋಡುವ ಹಾಗೆಯೇ ಇಲ್ಲ. ಮನೆಯಲ್ಲಿ ಒಣಮೀನು, ಹಲಸಿನ ಬೀಜ, ಉಪ್ಪಡ್. ಆಮೇಲೆ ಆಟಿ, ಶುಭಕಾರ್ಯ ಇಟ್ಟುಕೊಳ್ಳದ ತುಳು ತಿಂಗಳು. ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಕವರಿನಲ್ಲಿ ಐನೂರು ಹಾಕಿ ಕೊಡುವ ಕೆಲಸ ಇಲ್ಲ. ಏಪ್ರಿಲ್, ಮೇಯಲ್ಲಿ ಇದನ್ನು ಶುರು ಮಾಡಿದ್ದರೆ ನಡೆಯುತ್ತಿರಲಿಲ್ಲ. ವಾರಕ್ಕೆ ಮೂರು ಹಾಲ್ ಸುತ್ತುವ ಸೀಸನ್ ಅದು. ಅಷ್ಟಮಿ, ಚೌತಿ ಬರುವಾಗ ಖರ್ಚು ಮತ್ತೆ ಏರಿತು, ದಿನದ 300 ಕೆಲವು ವಾರ 100 ಆಯಿತು. ನಿಲ್ಲಿಸಲಿಲ್ಲ.

ಪೂರ್ತಿ ಕಟ್ಟಿ ಬಾಕಿ ಸೊನ್ನೆ ಎಂದು ತೋರಿಸಿದ ಮುಂದಿನ ತಿಂಗಳು ಮತ್ತೊಂದು ಬಿಲ್ ಬಂತು, ನೂರು ಚಿಲ್ಲರೆ ರೂಪಾಯಿಯದು. ಇದು ಮೋಸ ಅಲ್ಲ. ಹಿಂದಿನ ಬಿಲ್ ಆದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ, ಅದು ತಡವಾಗಿ ಬರುತ್ತದೆ. ತೀರಿತಲ್ಲ ಎಂದು ಬಿಲ್ ನೋಡದೆ ಬಿಟ್ಟರೆ ಆ ನೂರು ರೂಪಾಯಿಗೆ ಲೇಟ್ ಫೀ ಬಿದ್ದು, ನಮ್ಮ ಸಾಲದ ಚರಿತ್ರೆ ಬರೆದಿಡುವ ಸಿಬಿಲ್‌ನಲ್ಲೂ ಕಪ್ಪು ಚುಕ್ಕೆ ಆಗಬಹುದು. ಸೊನ್ನೆ ಆದ ಮೇಲೂ ಎರಡು ಬಿಲ್ ನೋಡಿ.

ದೊಡ್ಡ ಕಾರ್ಡನ್ನು ಆಮೇಲೆ ಮುಚ್ಚಿಸಿದೆ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಮೇಲೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಮಗೆ ಕೊಡಬೇಕು, 2022ರ ರಿಸರ್ವ್ ಬ್ಯಾಂಕ್ ನಿಯಮ. ಫೋನಿನಲ್ಲಿ ಆ ಹುಡುಗ ಪಾಯಿಂಟ್ಸ್, ಲೌಂಜ್ ಅಂತ ಸುಮಾರು ಹೊತ್ತು ಹೇಳಿದ. ನಾನು ನಿಯಮ ಹೇಳಿದೆ, ಸುಮ್ನೆ ರಿಕ್ವೆಸ್ಟ್ ನಂಬರ್ ಕೊಟ್ಟ.

ಸಣ್ಣ ಕಾರ್ಡ್ ಇಟ್ಟುಕೊಂಡಿದ್ದೇನೆ, ಪೆಟ್ರೋಲ್ ಮತ್ತು ಕರೆಂಟ್ ಬಿಲ್‌ಗೆ ಮಾತ್ರ. ಆಟೋಪೇ ಹಾಕುವಾಗ ಅದು ಮೊದಲೇ ಮಿನಿಮಮ್ ಡ್ಯೂ ಆರಿಸಿಟ್ಟಿತ್ತು, ಅದನ್ನು ಬದಲಿಸಿ ಟೋಟಲ್ ಡ್ಯೂ ಮಾಡಿದೆ. ಪಿಗ್ಮಿಯವರು ಮತ್ತೆ ಬರುತ್ತಿದ್ದಾರೆ, ಈ ಸಲ ಅವರಿಗೆ ಕೊಡುವ ಹಣ ಸರ ಬಿಡಿಸಲಿಕ್ಕೆ. ಮೊನ್ನೆ ಕಾರ್ಡಿನವರದ್ದು ಮೆಸೇಜ್ ಬಂತು, ಇನ್ನು 38,000 ಖರ್ಚು ಮಾಡಿದರೆ ವಾರ್ಷಿಕ ಫೀ 500 ಮನ್ನಾ. ಜಿಎಸ್‌ಟಿ ಸೇರಿಸಿ 590 ಕಟ್ಟಿಬಿಟ್ಟೆ.